‘ಚಿಟಿಕೆ’ಯ ಕಾಲ ಮತ್ತು ಚಾಲೂ ಸಾಹೇಬರು

ನಮ್ಮ ಕೋಲಾರದ ಕಡೆ ಅಂಡರ್‌ಗ್ರೌಂಡ್ ಎಂದರೆ ಒಂದೇ ಅರ್ಥ, ಚಿನ್ನದ ಗಣಿಗೆ ಇಳಿದು ಕೆಲಸ ಮಾಡುವುದು. ಹೋದ ತಿಂಗಳು ಕಾಲೇಜಿನ ಇಬ್ಬರು ಹುಡುಗಿಯರು ಮುಳಬಾಗಿಲಿನ ನಮ್ಮ ಮನೆ ಹುಡುಕಿಕೊಂಡು ಬಂದು, "ಸರ್, ನೀವು ಅಂಡರ್‌ಗ್ರೌಂಡ್ ಕಾರ್ಟೂನಿಸ್ಟ್ ಆಗಿದ್ರಂತೆ" ಎಂದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಇವ್ರು ಗಣೀಗೆಲ್ಲಮ್ಮ ಇಳ್ದಿದ್ರು? ಏಣಿ ಹತ್ತೋದೇ ಆಯ್ತು ಇವ್ರ ಜನ್ಮಕ್ಕೆ" ಎಂದಳು.

ಅವಳು ಹೇಳಿದ್ದು ನಿಜ. ಬೋರ್ಡು ಬರೆಯುವುದು ನನ್ನ ಹೊಟ್ಟೆಪಾಡು. ಅಂಗಡಿ, ಲಾರಿ, ಸ್ಕೂಲು, ಸರ್ಕಾರಿ ಕಚೇರಿ, ನೀರಿನ ಟ್ಯಾಂಕು, ಎಲ್ಲದರ ಮೇಲೂ ನನ್ನ ಅಕ್ಷರ ಇತ್ತು. ಈಗ ಕೈ ನಡುಗುತ್ತದೆ, ಬ್ರಷ್ಷು ಕೆಳಗಿಟ್ಟು ಕೂತಿದ್ದೇನೆ. ಆದರೆ ಆ ಹುಡುಗಿಯರು ಕೇಳಲು ಬಂದದ್ದು ಬೋರ್ಡಿನ ವಿಷಯವಲ್ಲ, ‘ಚಿಟಿಕೆ’ಯ ವಿಷಯ. ಅವರೂ ಈಗ ತಾವೇ ಬರೆದು, ತಾವೇ ಝೆರಾಕ್ಸ್ ಮಾಡಿಸಿ ಪುಟ್ಟ ಚಿತ್ರಪುಸ್ತಕ ಹಂಚುತ್ತಾರಂತೆ. ಈ ಕೆಲಸ ನಿಜವಾಗಿ ಹೇಗಿತ್ತು, ಬರೆದುಕೊಡಿ ಎಂದರು. ಇದರಲ್ಲಿ ಬಡ್ತಿ ಇಲ್ಲ, ಸನ್ಮಾನ ಇಲ್ಲ, ಹಾಗಾಗಿ ಬರೆಯುವುದು ಸುಲಭ. ಎಡವಿದ್ದನ್ನೂ ಕಂಡ ಒಳ್ಳೆಯ ಮನುಷ್ಯರನ್ನೂ ಬರೆದರೆ ಮುಗಿಯಿತು.

ಚಿಟಿಕೆ ಎಂದರೆ ಒಂದೇ ಒಂದು ಫೂಲ್‌ಸ್ಕೇಪ್ ಹಾಳೆ. ಅದನ್ನು ಮಡಚಿ, ನಡುವೆ ಒಂದು ಕಡೆ ಕತ್ತರಿ ಆಡಿಸಿ, ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ಹೊಲಿಗೆ ಬೇಡ, ಪಿನ್ನು ಬೇಡ. ಅಂಗೈಯಲ್ಲಿ ಮುಚ್ಚಿಕೊಳ್ಳುವ ಅಳತೆ. ನಶ್ಯದ ಹಾಗೆ ಸದ್ದಿಲ್ಲದೆ ಕೈಯಿಂದ ಕೈಗೆ ಹೋಗಲಿ ಎಂದು ಆ ಹೆಸರಿಟ್ಟೆ. ಬರೆದವನ ಹೆಸರಾಗಲಿ ಅಚ್ಚು ಹಾಕಿದವರ ಹೆಸರಾಗಲಿ ಅದರ ಮೇಲೆ ಇರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ ಅದು. ತುರ್ತು ಪರಿಸ್ಥಿತಿ ಮುಗಿದಿತ್ತು, ಆದರೆ ಅದರ ಹೆದರಿಕೆ ನಮ್ಮ ಊರುಗಳ ಪ್ರೆಸ್ಸುಗಳನ್ನು ಬಿಟ್ಟಿರಲಿಲ್ಲ. ಅಲ್ಲದೆ ನಾನು ಯಾರನ್ನು ಗೇಲಿ ಮಾಡುತ್ತಿದ್ದೆನೋ ಅವರ ಕಚೇರಿಯ ಬೋರ್ಡನ್ನೇ ಬರೆದು ಅನ್ನ ತಿನ್ನುತ್ತಿದ್ದೆ.

ಮೊದಲನೇ ಚಿಟಿಕೆ ತಲೆಕೆಳಗಾಯಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಲೆಕೆಳಗಾಯಿತು. ಹಾಳೆಯನ್ನು ಆ ಥರ ಮಡಚಿದಾಗ ಮೇಲಿನ ಸಾಲಿನ ನಾಲ್ಕು ಪುಟಗಳು ಉಲ್ಟಾ ನಿಲ್ಲುತ್ತವೆ, ಆದ್ದರಿಂದ ಬರೆಯುವಾಗಲೇ ಹಾಳೆ ತಿರುಗಿಸಿಕೊಂಡು ಬರೆಯಬೇಕು. ನನಗೆ ಅದು ಹೊಳೆಯಲಿಲ್ಲ. ಎಲ್ಲವನ್ನೂ ನೆಟ್ಟಗೆ ಬರೆದು, ಅಚ್ಚಾದಮೇಲೆ ಮಡಚಿ ನೋಡಿದರೆ ಅರ್ಧ ಪುಸ್ತಕದಲ್ಲಿ ಜನ ಶೀರ್ಷಾಸನ ಹಾಕಿ ನಿಂತಿದ್ದಾರೆ. ಬಿಸಾಡಲು ಮನಸ್ಸು ಬರದೆ ಹಂಚಿಯೇಬಿಟ್ಟೆ. ಅದು ಪಾರ್ಟಿಯಿಂದ ಪಾರ್ಟಿಗೆ ಹಾರುವ ಒಬ್ಬ ಪುಢಾರಿಯ ಕಥೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಜನ ಪುಸ್ತಕವನ್ನು ಗಿರಗಿರ ತಿರುಗಿಸುತ್ತ ಓದುತ್ತಿದ್ದರು. "ನೋಡ್ಲಾ, ಪಾರ್ಟಿ ಬದಲಾಯಿಸ್ದಂಗೆಲ್ಲ ಪುಸ್ತಕಾನೂ ತಿರುಗ್ತದೆ. ಯಾವನೋ ಬಲೇ ತಲೆ ಇರೋನು ಬರ್ದವ್ನೆ" ಎಂದು ಒಬ್ಬ ಹೇಳಿದ. ನಾನು ಪಕ್ಕದ ಬೆಂಚಿನಲ್ಲಿ ಟೀ ಕುಡಿಯುತ್ತ ಸುಮ್ಮನೆ ತಲೆಯಾಡಿಸಿದೆ. ನಮ್ಮ ಓದುಗರು ನಮಗಿಂತ ದೊಡ್ಡವರು ಎಂಬುದು ನನಗೆ ಅವತ್ತೇ ಗೊತ್ತಾಯಿತು.

ಅಚ್ಚು ಹಾಕುತ್ತಿದ್ದವರು ಲಲಿತಮ್ಮನವರು. ಮುಳಬಾಗಿಲಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದರು, ತಂದೆಯ ಮನೆಯವರು ಶಾನುಭೋಗಿಕೆ ಮಾಡಿದವರು. ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ಒಂದು ಸೈಕ್ಲೋಸ್ಟೈಲ್ ಮಿಷಿನ್ ಇತ್ತು. ಸುತ್ತಲಿನ ಸ್ಕೂಲುಗಳ ಪ್ರಶ್ನೆಪತ್ರಿಕೆಗಳೆಲ್ಲ ಅಲ್ಲೇ ಆಗಬೇಕು. ಅಂಥ ನಂಬಿಕೆಯ ಕೆಲಸ ಮಾಡುವವರು ನನ್ನ ಚಿಟಿಕೆಯನ್ನು ಯಾಕೆ ಒಪ್ಪಿಕೊಂಡರು ಎಂದು ಒಮ್ಮೆ ಕೇಳಿದೆ. "ವರ್ಷಪೂರ್ತಿ ಬೇರೆಯೋರ ಅರ್ಜಿ ಟೈಪ್ ಮಾಡ್ತೀನಿ ಕಣ್ರೀ. ತಮ್ಮಲ್ಲಿ ಸವಿನಯ ಪ್ರಾರ್ಥನೆ, ತಮ್ಮಲ್ಲಿ ಸವಿನಯ ಪ್ರಾರ್ಥನೆ ಅಂತ ಹೊಡ್ದೂ ಹೊಡ್ದೂ ಬೆರಳೇ ಬಾಗಿಹೋಗಿದೆ. ನಿಮ್ಮದರಲ್ಲಿ ಅದೊಂದು ಸಾಲು ಇರಲ್ಲವಲ್ಲ" ಎಂದರು.

ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಗೀರಿ ಚಿತ್ರ ಬರೆಯಬೇಕು. ಗೀರಿದ ಕಡೆಯಿಂದ ಮಸಿ ಇಳಿದು ಕಾಗದಕ್ಕೆ ಹತ್ತುತ್ತದೆ. ಈಗಿನವರಿಗೆ ಇದರ ಕಷ್ಟ ಹೇಳಿದರೆ ನಗುತ್ತಾರೆ. ಕನ್ನಡದ ಅಕ್ಷರಗಳೆಲ್ಲ ಗುಂಡಗಿವೆ. ಕೈ ಸ್ವಲ್ಪ ಬಿಗಿಯಾದರೆ ಸೊನ್ನೆಯ ಒಳಗಿನ ಚೂರು ಕಳಚಿ ಬೀಳುತ್ತದೆ, ಅಲ್ಲಿ ಮಸಿಯ ಬೊಟ್ಟು ಮೂಡುತ್ತದೆ. ಎರಡನೇ ಸಂಚಿಕೆಯಲ್ಲಿ ನನ್ನ ‘ಠ’ಗಳೆಲ್ಲ ಉದ್ದಿನಕಾಳಿನಂತೆ ಬಿದ್ದಿದ್ದವು. ಲಲಿತಮ್ಮ ಅದನ್ನು ನೋಡಿ, "ಯಾವ ಸೊನ್ನೇನೂ ಪೂರ್ತಿ ಮುಚ್ಚಬೇಡಿ, ಕೂದಲಷ್ಟು ಜಾಗ ಬಿಡಿ" ಎಂದರು. ಅಲ್ಲಿಂದ ಮುಂದೆ ನಾನು ಬರೆದ ಅಕ್ಷರಗಳಿಗೆಲ್ಲ ಒಂದು ಸಣ್ಣ ಬಾಯಿ ಇರುತ್ತಿತ್ತು. ತಪ್ಪಾದ ಗೆರೆಯ ಮೇಲೆ ಅವರು ನೈಲ್ ಪಾಲಿಶ್‌ನಂಥ ಕೆಂಪು ದ್ರವ ಸವರಿ, ಊದಿ ಒಣಗಿಸಿ, ಇನ್ನೊಮ್ಮೆ ಬರೆಯಿರಿ ಎಂದು ಕೊಡುತ್ತಿದ್ದರು. ಒಮ್ಮೆಯೂ ಬೇಸರಪಟ್ಟವರಲ್ಲ. ಅವರಂಥ ತಾಳ್ಮೆಯ ಕೈಯನ್ನು ನಾನು ಇನ್ನೆಲ್ಲೂ ಕಾಣಲಿಲ್ಲ.

ಹಂಚುತ್ತಿದ್ದವರು ಪ್ರೈವೇಟ್ ಬಸ್ಸಿನ ಕಂಡಕ್ಟರುಗಳು. ಟಿಕೆಟ್ ಚೀಲದ ತಳದಲ್ಲಿ ಚಿಟಿಕೆ ಕೂತು ಹೋಗುತ್ತಿತ್ತು. ಮಾಲೂರಿನ ಹೆಂಚಿನ ಕಾರ್ಖಾನೆಯವರು ಊಟದ ಹೊತ್ತಿನಲ್ಲಿ ಓದುತ್ತಿದ್ದರಂತೆ. ಕ್ಯಾಲನೂರಿನ ಡೈರಿಯಲ್ಲಿ ಹಾಲು ಹಾಕಲು ನಿಂತ ಸಾಲಿನಲ್ಲಿ ಒಬ್ಬ ಜೋರಾಗಿ ಓದಿದರೆ ಉಳಿದವರು ಕೇಳುತ್ತಿದ್ದರಂತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮಾತ್ರ ದೊಡ್ಡ ಜಗಳವೇ ಆಗಿಹೋಯಿತು.

ಮಂಡಿಯಲ್ಲಿ ವ್ಯಾಪಾರ ಮಾಡುವವರು ಬಾಯಲ್ಲಿ ಬೆಲೆ ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿದು ಬೆರಳುಗಳಲ್ಲೇ ಮಾತಾಡುತ್ತಾರೆ. ನನಗೆ ಅದು ಬಹಳ ಚೆನ್ನಾಗಿ ಕಂಡಿತು. ಒಂದು ಸಂಚಿಕೆಯಲ್ಲಿ ಮುಖಗಳನ್ನೇ ಬಿಟ್ಟು, ಟವೆಲ್ಲಿನ ಒಳಗಿನ ಕೈಗಳನ್ನು ಮಾತ್ರ ಬರೆದೆ. ಮದುವೆಯ ಮಾತುಕತೆಯನ್ನು ಎರಡು ಕೈಗಳು ಮಂಡಿಯ ಥರ ನಡೆಸುವ ಕಥೆ. ಬೆರಳುಗಳನ್ನು ಅಂದಕ್ಕೆ ತೋಚಿದಂತೆ ಬರೆದಿದ್ದೆ. ಮಂಡಿಯವರಿಗೆ ಅದು ಚಿತ್ರವಾಗಿ ಕಾಣಲೇ ಇಲ್ಲ, ಬೆಲೆಯಾಗಿ ಕಂಡಿತು. "ನಾನು ಆವತ್ತು ಕೊಟ್ಟ ರೇಟು ಇದೇ ಅಲ್ವಾ? ಇದು ಹೊರಗೆ ಹೆಂಗೆ ಬಂತು? ನೀನೇ ಹೇಳಿರ್ಬೇಕು" ಎಂದು ಒಬ್ಬ ವ್ಯಾಪಾರಿ ಇನ್ನೊಬ್ಬನ ಕೊರಳಪಟ್ಟಿ ಹಿಡಿದನಂತೆ. ಅದನ್ನು ನನಗೆ ಹೇಳಿದ ಕಂಡಕ್ಟರು ಕೊನೆಗೆ, "ರಾಜಣ್ಣ, ಇನ್ಮೇಲೆ ಆ ಕಡೆಗೆ ಮುಖ ಬರಿ, ಕೈ ಬರೀಬೇಡ" ಎಂದ. ನೀವು ಅಲಂಕಾರಕ್ಕೆ ಬರೆದದ್ದನ್ನು ಅದರ ಕಸುಬಿನವರು ನಿಜವೆಂದೇ ಓದುತ್ತಾರೆ. ಹೊಸಬರು ಇದನ್ನು ನೆನಪಿಡಬೇಕು.

ಎಂಬತ್ತರ ದಶಕದ ನಡುವೆ ಕೋಲಾರಕ್ಕೆ ಝೆರಾಕ್ಸ್ ಬಂತು. ಕಾಗದದ ಮೇಲೆ ಪೆನ್ನಿನಲ್ಲಿ ಹಾಯಾಗಿ ಬರೆಯಬಹುದು, ಸೊನ್ನೆಗಳಿಗೆ ಬಾಯಿ ಬಿಡುವ ಕಷ್ಟವಿಲ್ಲ. ಗೆರೆ ನಯವಾಯಿತು. ಆದರೆ ನಾನು ಸುಳ್ಳು ಹೇಳಲಾರೆ, ಗೆರೆ ನಯವಾದಷ್ಟೂ ನಾನು ಸೋಮಾರಿಯಾದೆ. ಸ್ಟೆನ್ಸಿಲ್ಲಿನಲ್ಲಿ ಒಂದು ಗೆರೆ ಹೆಚ್ಚಾದರೆ ಹಾಳೆ ಹರಿಯುತ್ತದೆಂಬ ಭಯಕ್ಕೆ ಬೇಕಾದಷ್ಟೇ ಬರೆಯುತ್ತಿದ್ದೆ. ಝೆರಾಕ್ಸಿನಲ್ಲಿ ಮರದ ಒಂದೊಂದು ಎಲೆಯನ್ನೂ ಬರೆಯತೊಡಗಿದೆ. ಮರ ಚೆನ್ನಾಗಿದೆ, ನಗು ಎಲ್ಲಿ ಹೋಯ್ತು ಎಂದು ಲಲಿತಮ್ಮ ಕೇಳಿದ್ದರು.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದದ್ದು ಇದಲ್ಲ, ಅದಕ್ಕೂ ಹಿಂದೆ, ಸ್ಟೆನ್ಸಿಲ್ಲಿನ ಕಾಲದಲ್ಲೇ ನಡೆದದ್ದು. ಪಾಟೀಲ ಸಾಹೇಬರ ವಿಷಯ.

ಪಾಟೀಲರು ಧಾರವಾಡದ ಕಡೆಯವರು, ಮುಳಬಾಗಿಲಿಗೆ ನೀರು ಸರಬರಾಜಿನ ಇಂಜಿನಿಯರಾಗಿ ಬಂದಿದ್ದರು. ದಪ್ಪ ಆಳು, ದೊಡ್ಡ ದನಿ. ಅವರ ಕೈಕೆಳಗೆ ವೆಂಕಟರವಣಪ್ಪ ಎಂಬ ಪಂಪ್ ಆಪರೇಟರ್ ಇದ್ದ. ಕುರುಡುಮಲೆ ಕಡೆಯ ರೈತರ ಮನೆಯವನು, ಮನೆಮಾತು ತೆಲುಗು. ದಿನಗೂಲಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ. ಆ ವರ್ಷ ಖಾಯಂ ಆಗುವ ಹಾಗಿತ್ತು.

ಊರಿನ ಹೊಸ ಬಡಾವಣೆಗೆ ನಲ್ಲಿ ನೀರು ಬಿಡುವ ಸಮಾರಂಭ. ಬೆಂಗಳೂರಿನಿಂದ ದೊಡ್ಡವರೊಬ್ಬರು ಬಂದಿದ್ದರು. ನಾನು ಟ್ಯಾಂಕಿಗೆ ಕಟ್ಟಿದ್ದ ಸಾರುವೆಯ ಮೇಲೆ ಕೂತು ಕೊನೆಯ ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದೆ. ಅಲ್ಲಿಂದ ಈ ಕಡೆ ನಲ್ಲಿಯೂ ಆ ಕಡೆ ಪಂಪ್ ಹೌಸೂ ಎರಡೂ ಕಾಣುತ್ತಿದ್ದವು. ವೆಂಕಟರವಣಪ್ಪ ಮೋಟಾರು ಹಾಕಿದ್ದ, ನೀರು ಇನ್ನೂ ಪೈಪಿನಲ್ಲಿ ದಾರಿಯಲ್ಲಿತ್ತು. ದೊಡ್ಡವರು ನಲ್ಲಿ ತಿರುಗಿಸಿದರು. ಬುಸ್ ಎಂದು ಗಾಳಿ ಬಂತು. ಪಾಟೀಲರು ಗಾಬರಿಯಾಗಿ ಪಂಪ್ ಹೌಸಿನ ಕಡೆ ಕೈಯೆತ್ತಿ, "ಏ ಚಾಲೂ, ಚಾಲೂ" ಎಂದು ಕೂಗಿದರು.

ಅವರ ಕಡೆ ಚಾಲೂ ಎಂದರೆ ಶುರು ಮಾಡು ಎಂದು. ವೆಂಕಟರವಣಪ್ಪನ ಮನೆಯ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಅವನು ಮೋಟಾರು ನಿಲ್ಲಿಸಿದ. ಸಾಹೇಬರು ಇನ್ನೂ ಜೋರಾಗಿ "ಚಾಲೂ, ಚಾಲೂ" ಎಂದರು. ಅಷ್ಟೊಂದು ಸಾಕಾಗಿದೆಯೇನೋ ಎಂದು ಅವನು ಓಡಿಹೋಗಿ ವಾಲ್ವನ್ನೂ ಬಿಗಿಯಾಗಿ ಮುಚ್ಚಿದ. ಕೊಡ ಹಿಡಿದು ನಿಂತ ಹೆಂಗಸರು ಮೊದಲು ಸೆರಗು ಮುಚ್ಚಿಕೊಂಡು ನಕ್ಕರು, ಆಮೇಲೆ ಮುಚ್ಚಿಕೊಳ್ಳದೆಯೇ ನಕ್ಕರು. ದೊಡ್ಡವರು ಕಾರು ಹತ್ತಿ ಹೊರಟುಹೋದರು.

ಸಂಜೆ ವೆಂಕಟರವಣಪ್ಪ ನನ್ನ ಅಂಗಡಿಗೆ ಬಂದು ಕುಸಿದು ಕೂತ. "ಚಾಲು ಅಂಟೆ ಚಾಲು ಕದಾ ಅಣ್ಣ. ಅವ್ರೇ ಸಾಕು ಸಾಕು ಅಂದ್ರು, ನಿಲ್ಸಿದೆ. ಈಗ ಬೇಕಂತ್ಲೇ ಮಾಡ್ದೆ ಅಂತವ್ರೆ" ಎಂದ. ಆಗ ನನಗೆ ನಗು ತಡೆಯಲಾಗಲಿಲ್ಲ. ಅವನೂ ಸ್ವಲ್ಪ ಹೊತ್ತಿಗೆ ನಕ್ಕ. ಬರಿ ಅಣ್ಣ, ಎಲ್ರಿಗೂ ಗೊತ್ತಾಗ್ಲಿ ಎಂದು ಅವನೇ ಹೇಳಿದ.

ಎಂಟು ಪುಟವೂ ಅದೇ ಬರೆದೆ. ಒಂದು ಪುಟದಲ್ಲಿ ಸಾಹೇಬರು, ಎದುರು ಪುಟದಲ್ಲಿ ಆಪರೇಟರು, ಇಬ್ಬರ ಬಾಯಲ್ಲೂ ಅದೊಂದೇ ಮಾತು. ಸಾಹೇಬರ ಹೊಟ್ಟೆಯನ್ನು ಪುಟದಿಂದ ಪುಟಕ್ಕೆ ದೊಡ್ಡದು ಮಾಡುತ್ತ ಹೋದೆ. ಕುರುಡುಮಲೆ ಗಣೇಶಪ್ಪ ಪ್ಯಾಂಟ್ ಹಾಕ್ಕೊಂಡು ಬಂದವ್ನೆ ಎಂದು ಟೀ ಅಂಗಡಿಯಲ್ಲಿ ಜನ ಕುಣಿದಾಡಿದರು. ಅಂಥ ಸಂಚಿಕೆ ನಾನು ಹಿಂದೆಯೂ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ. ಮಾಲೂರು, ಶ್ರೀನಿವಾಸಪುರ ಎಲ್ಲ ಕಡೆ ಹೋಟೆಲಿನಲ್ಲಿ ಸಾರು ಬಡಿಸುವವನಿಗೆ ಚಾಲು ಎಂದರೆ ಅವನು, "ಹಾಕ್ಲಾ, ನಿಲ್ಲಿಸ್ಲಾ?" ಎಂದು ಕೇಳುವಂತಾಯಿತು.

ಆದರೆ ಅದು ಕೋಲಾರದ ಮೇಲಧಿಕಾರಿಗಳ ಮೇಜಿಗೂ ಹೋಯಿತು. ಆಪರೇಟರೇ ಯಾರದೋ ಮಾತು ಕೇಳಿ ನೀರು ನಿಲ್ಲಿಸಿದ್ದಾನೆ, ಆಮೇಲೆ ಯಾರಿಂದಲೋ ಇದನ್ನು ಬರೆಸಿ ಇಲಾಖೆಯ ಮಾನ ಕಳೆದಿದ್ದಾನೆ ಎಂದು ಅವನ ಮೇಲೆ ವಿಚಾರಣೆ ಇಟ್ಟರು. ಖಾಯಂ ಆಗುವುದಿರಲಿ, ಇರುವ ಕೆಲಸವೂ ಹೋಗುವ ಹಾಗಾಯಿತು. ಅವನನ್ನು ಉಳಿಸಲೆಂದು ಬರೆದದ್ದೇ ಅವನ ಕುತ್ತಿಗೆಗೆ ಬಂದಿತ್ತು.

ನಾನು ಹೋಗಿ ಒಪ್ಪಿಕೊಳ್ಳಬೇಕೆಂದು ತೀರ್ಮಾನಿಸಿದೆ. ಎರಡೂ ಕಡೆ ಕಣ್ಣಾರೆ ಕಂಡವನು ನಾನೊಬ್ಬನೇ. ಒಪ್ಪಿಕೊಂಡರೆ ಸರ್ಕಾರಿ ಬೋರ್ಡುಗಳ ಕೆಲಸ ಹೋಗುತ್ತದೆ, ಚಿಟಿಕೆ ನಿಲ್ಲುತ್ತದೆ. ಲಲಿತಮ್ಮನವರ ಮಿಷಿನ್ನಿಗೂ ಬೀಗ ಬೀಳುತ್ತದೆ. ಅವರಿಗೆ ಹೇಳದೆ ಹೋಗುವುದು ಸರಿಯಲ್ಲವೆಂದು ಹೋಗಿ ಹೇಳಿದೆ. ಅವರು ಟೈಪ್ ಮಾಡುತ್ತಿದ್ದ ಅರ್ಜಿಯನ್ನು ಸಾಲು ಮುಗಿಯುವವರೆಗೂ ಹೊಡೆದು, ಆಮೇಲೆ ಕತ್ತೆತ್ತಿದರು.

"ಹೇಳೋದಾದ್ರೆ ನನ್ ಹೆಸರೂ ಸೇರಿಸಿ ಹೇಳಿ. ಅಚ್ಚು ಎಲ್ಲಿ ಆಯ್ತು ಅಂತ ಕೇಳ್ತಾರೆ, ಆಗ ನೀವು ತಡವರಿಸಿದ್ರೆ ಉಳಿದದ್ದೂ ಸುಳ್ಳು ಅಂತಾರೆ. ಆ ಮನುಷ್ಯನ ಕೆಲಸ ಉಳೀಬೇಕು, ಅಷ್ಟೆ."

ಅಷ್ಟು ಧೈರ್ಯದ ಮಾತು ಹೇಳಿ, ಅವರು ಮತ್ತೆ ಅರ್ಜಿಯ ಮುಂದಿನ ಸಾಲು ಹೊಡೆಯತೊಡಗಿದರು.

ವಿಚಾರಣೆ ಮುಳಬಾಗಿಲಿನ ಕಚೇರಿಯಲ್ಲೇ ನಡೆಯಿತು. ಅದೇ ಕಚೇರಿಯ ಗೋಡೆಗೆ ಹೆಸರು ಬರೆಯುವ ಕೆಲಸ ನನ್ನದೇ ಆಗಿತ್ತು. ಸಮಯ ನೋಡಿ ಹೇಳಿಬಿಡಲೆಂದು ಏಣಿಯನ್ನು ಆ ಕೋಣೆಯ ಕಿಟಕಿಯ ಪಕ್ಕಕ್ಕೆ ಒರಗಿಸಿ ಹತ್ತಿ ನಿಂತೆ. ಒಳಗೆ ಕೋಲಾರದಿಂದ ಬಂದ ವಿಚಾರಣಾಧಿಕಾರಿ, ಎದುರು ಕೈಕಟ್ಟಿ ನಿಂತ ವೆಂಕಟರವಣಪ್ಪ, ಪಕ್ಕದ ಕುರ್ಚಿಯಲ್ಲಿ ಪಾಟೀಲರು.

ಅಧಿಕಾರಿ ಚಿಟಿಕೆಯನ್ನು ಎರಡು ಬೆರಳಲ್ಲಿ ಎತ್ತಿ, "ಇದನ್ನ ಯಾರ ಹತ್ರ ಬರ್ಸಿದ್ದು ಹೇಳು, ನಿನ್ನ ಬಿಟ್ಬಿಡ್ತೀನಿ" ಎಂದರು.

ವೆಂಕಟರವಣಪ್ಪನಿಗೆ ನಾನು ಕಿಟಕಿಯಲ್ಲಿ ಕಾಣುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. "ನಂಗೆ ಗೊತ್ತಿಲ್ಲ ಸಾಮಿ" ಎಂದ.

"ಕೆಲಸ ಹೋಗತ್ತೆ, ಯೋಚನೆ ಮಾಡು."

"ಗೊತ್ತಿಲ್ಲ ಸಾಮಿ."

ನನಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ಬಗ್ಗಿ, "ಸ್ವಾಮಿ, ಆವತ್ತು ನಾನೂ ಅಲ್ಲೇ ಇದ್ದೆ. ಅದನ್ನ ನಾನು..." ಎಂದೆ.

"ಏ ಪೇಂಟರ್" ಎಂದು ಪಾಟೀಲರು ಗುಡುಗಿದರು. "ನಿಮ್ಮನ್ನ ಯಾರು ಕೇಳ್ಯಾರ? ಹೊರಗಿಂದ ಬೋರ್ಡ್ ಬರೀಲಿಕ್ಕೆ ಬಂದೀರಿ, ಬೋರ್ಡ್ ಬರೀರಿ. ಒಳಗಿನ ಮಾತಿನ್ಯಾಗ ಬಾಯಿ ಹಾಕಬ್ಯಾಡ್ರಿ."

ಪಾಟೀಲರು ಎದ್ದು ಅಧಿಕಾರಿಯ ಕೈಯಿಂದ ಪುಸ್ತಕ ತೆಗೆದುಕೊಂಡರು. "ಸರ್, ಇದನ್ನ ನೀವು ಓದೀರೇನು? ಇಲ್ಲಾ ಬರೇ ಚಿತ್ರಾ ನೋಡೀರಿ? ನಾ ಓದತೀನಿ, ಕೇಳ್ರಿ" ಎಂದರು.

ನಂಬುತ್ತೀರೋ ಇಲ್ಲವೋ, ಅವರು ಓದಿದ್ದು ಮಾತ್ರವಲ್ಲ, ಆಡಿ ತೋರಿಸಿದರು. ತಮ್ಮ ಪಾತ್ರ ಬಂದಾಗ ಕೈಯೆತ್ತಿ ಚಾಲೂ ಚಾಲೂ ಎಂದು ಅವತ್ತಿನ ದನಿಯಲ್ಲೇ ಕೂಗಿದರು. ಆಪರೇಟರನ ಪಾತ್ರ ಬಂದಾಗ ಗಾಳಿಯಲ್ಲಿ ವಾಲ್ವು ತಿರುಗಿಸಿದರು. ಅಧಿಕಾರಿ ಶ್ರೀನಿವಾಸಪುರದವರು, ಅವರ ಮನೆಯಲ್ಲೂ ತೆಲುಗೇ. ವಾಲ್ವು ತಿರುಗಿಸುವ ಹೊತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದರು.

ಪಾಟೀಲರು ನಗಲಿಲ್ಲ. "ಎರಡ ವರ್ಷ ಆತು ನಾ ಈ ಊರಿಗೆ ಬಂದು. ಇವರ ಮನ್ಯಾಗ ಚಾಲು ಅಂದ್ರ ಸಾಕು ಅಂತ ನನಗ ಗೊತ್ತಿರಲಿಲ್ಲ. ಇವನೂ ಹೇಳ್ದಾ, ನಾ ನಂಬಲಿಲ್ಲ. ಈ ಪುಸ್ತಕ ನೋಡಿ ಪಂಪ್ ಹೌಸಿಗೆ ಹೋಗಿ ಇನ್ನೊಮ್ಮೆ ಕೇಳ್ದೆ. ಇವಾ ನನ್ನ ಮಾತು ಮೀರಿಲ್ರಿ. ನನ್ನ ಮಾತು ಹೆಂಗ ಕೇಳ್ತೋ ಹಂಗ ಎರಡೆರಡು ಸಲ ಪಾಲಿಸ್ಯಾನ. ಇಂಥಾವನ್ನ ತಗದ್ರ ಹೊಳ್ಳಿ ನನಗ ಯಾರು ಸಿಗ್ತಾರ? ಇದನ್ನ ಹಂಗ ಬರಕೊಳ್ರಿ, ನಾ ಸಹಿ ಹಾಕತೀನಿ."

"ಸರಿ, ಆದ್ರೆ ಇದನ್ನ ಬರೆದವ್ರು ಯಾರು? ನಿಮ್ಮನ್ನ ಹೀಗೆ ಬರ್ದಿದಾರಲ್ಲ" ಎಂದು ಅಧಿಕಾರಿ ಕೇಳಿದರು.

"ಕಂಡದ್ದನ್ನ ಬರದಾನ. ಅದಕ್ಯಾಕ ಹೆಸರು" ಎಂದರು ಪಾಟೀಲರು.

ವೆಂಕಟರವಣಪ್ಪ ಹೊರಗೆ ಬಂದು ವರಾಂಡದ ಕಂಬಕ್ಕೆ ಒರಗಿ ಮಗುವಿನ ಹಾಗೆ ಅತ್ತ. ಅವನ ಕೆಲಸ ಉಳಿಯಿತು, ಮುಂದೆ ಖಾಯಮ್ಮೂ ಆಯಿತು. ನಾನು ಇನ್ನೂ ಏಣಿಯ ಮೇಲೇ ಇದ್ದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಗೇಲಿ ಮಾಡಿದವರು ಬೈದಿದ್ದಾರೆ, ಬೆದರಿಸಿದ್ದಾರೆ, ಪುಸ್ತಕ ಹರಿದು ಮೋರಿಗೆ ಎಸೆದಿದ್ದಾರೆ. ತನ್ನ ಮೇಲಿನ ಗೇಲಿಯನ್ನು ತಾನೇ ಎತ್ತಿ ಓದಿ ಇನ್ನೊಬ್ಬನ ಅನ್ನ ಉಳಿಸಿದ ಮನುಷ್ಯನನ್ನು ನಾನು ಒಬ್ಬರನ್ನೇ ಕಂಡದ್ದು. ನನಗಿಂತ ಅವರೇ ಈ ಕಸುಬನ್ನು ಚೆನ್ನಾಗಿ ಅರಿತಿದ್ದರು ಎಂದು ಈಗಲೂ ಅನ್ನಿಸುತ್ತದೆ.

ಸ್ವಲ್ಪ ಹೊತ್ತಿಗೆ ಪಾಟೀಲರು ಹೊರಗೆ ಬಂದರು. ಏಣಿಯ ಬುಡದಲ್ಲಿ ನಿಂತು, ನಾನು ಬರೆದ ಅಕ್ಷರಗಳನ್ನು ನೋಡುವವರ ಹಾಗೆ ಮೇಲೆ ನೋಡಿದರು. ಸುತ್ತ ಯಾರೂ ಇರಲಿಲ್ಲ.

"ಹೊಟ್ಟಿ ಭಾಳ ದೊಡ್ಡದು ತಗದೀರಿ" ಎಂದರು.

"ತಪ್ಪಾಯ್ತು ಸಾರ್, ಮುಂದಿನ ಸಲ ಕಮ್ಮಿ ಮಾಡ್ತೀನಿ" ಎಂದೆ.

"ಏ, ಕಡಿಮಿ ಮಾಡಬ್ಯಾಡ್ರಿ. ಸಣ್ಣ ಮಾಡಿದ್ರ ಮಂದಿಗೆ ನನ್ನ ಗುರ್ತಾ ಸಿಗಂಗಿಲ್ಲ" ಎಂದು ಹೇಳಿ ಜೀಪು ಹತ್ತಿದರು.

ಅವರು ವರ್ಗವಾಗಿ ಹೋಗುವವರೆಗೂ, ಹೋದಮೇಲೂ, ಸಾಹೇಬರು ಎಂಬ ಪಾತ್ರ ಚಿಟಿಕೆಯಲ್ಲಿ ಎಷ್ಟೋ ಸಲ ಬಂತು. ಆ ಹೊಟ್ಟೆಯನ್ನು ನಾನು ಒಂದು ಗೆರೆಯಷ್ಟೂ ಕಡಿಮೆ ಮಾಡಲಿಲ್ಲ.